ರೇಡಿಯೋ ಶ್ರುತಿಗೂಡುವ ಬಗೆ

ವಾಲ್ವುಗಳಿಂದ ನಡೆಯುತ್ತಿದ್ದ ಹಳೆಯ ರೇಡಿಯೋ ಪೆಟ್ಟಿಗೆ ಇನ್ನೂ ಕೆಲವು ಮನೆಗಳ ಅಟ್ಟದ ಮೇಲೆ ಉಳಿದಿರುವುದುಂಟು. ಅದರ ಮುಂಭಾಗದಲ್ಲಿ ಒಂದು ಗಾಜಿನ ಫಲಕ, ಫಲಕದ ಹಿಂದೆ ಸರಿದಾಡುವ ಮುಳ್ಳು, ಬದಿಯಲ್ಲಿ ಒಂದು ಗುಂಡಿ. ಗುಂಡಿಯನ್ನು ಮೆಲ್ಲನೆ ತಿರುಗಿಸಿದರೆ ಬೆಂಗಳೂರು ಮರೆಯಾಗಿ ಧಾರವಾಡ ಕೇಳಿಬರುತ್ತಿತ್ತು. ಹಾಗಾದರೆ ಬೆಂಗಳೂರಿನ ಗಾಯಕರು ಹಾಡನ್ನು ನಿಲ್ಲಿಸಿಬಿಟ್ಟರೇ? ಇಲ್ಲ. ಅವರ ಹಾಡನ್ನು ಹೊತ್ತ ಅಲೆ ಆಗಲೂ ನಮ್ಮ ಏರಿಯಲ್ ತಂತಿಯನ್ನು ತಾಕುತ್ತಲೇ ಇತ್ತು. ರೇಡಿಯೋ ಅದಕ್ಕೆ ಓಗೊಡುವುದನ್ನು ಬಿಟ್ಟಿತು, ಅಷ್ಟೆ. ಸಂತೆಯ ಗದ್ದಲದಲ್ಲಿ ಒಂದೇ ದನಿಯನ್ನು ಆರಿಸಿ ಉಳಿದುದನ್ನೆಲ್ಲ ದೂರವಿಡುವ ಈ ಶಕ್ತಿ ರೇಡಿಯೋವಿಗೆ ಎಲ್ಲಿಂದ ಬಂದಿತು?

ಇದಕ್ಕೆ ಉತ್ತರ ಸಂಗೀತದಲ್ಲಿಯೇ ಇದೆ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳನ್ನು ಹತ್ತಿರವಿರಿಸಿ ಒಂದರ ತಂತಿಯನ್ನು ಮೀಟಿದರೆ, ಇನ್ನೊಂದರ ಅದೇ ತಂತಿ ಯಾರೂ ಮುಟ್ಟದೆಯೇ ಮಿಡಿಯತೊಡಗುತ್ತದೆ. ಶ್ರುತಿ ತಪ್ಪಿದ್ದರೆ ಅದು ಅಲುಗದು. ಇದನ್ನು ಅನುರಣನವೆನ್ನುತ್ತೇವೆ. ತಂತುರುಳಿ ಹಾಗೂ ಕಂಡೆನ್ಸರುಗಳನ್ನು ಜೋಡಿಸಿದ ವಿದ್ಯುನ್ಮಂಡಲವೂ ಹೀಗೆಯೇ ವರ್ತಿಸುತ್ತದೆ. ಕಂಡೆನ್ಸರಿನಲ್ಲಿ ಸಂಗ್ರಹವಾದ ವಿದ್ಯುತ್ತು ಸುರುಳಿಯ ಮೂಲಕ ಹರಿದು ಮತ್ತೆ ಕಂಡೆನ್ಸರಿನ ಎದುರು ಬದಿಗೆ ಸೇರುತ್ತದೆ, ಅಲ್ಲಿಂದ ಹಿಂತಿರುಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಇಂಥ ತೂಗಾಟ ನಡೆಯುತ್ತದೆಯೋ ಅದು ಆ ಮಂಡಲದ ಸಹಜ ಆವೃತ್ತಿ. ಏರಿಯಲ್ಲಿಗೆ ಬರುವ ನೂರಾರು ಅಲೆಗಳಲ್ಲಿ ಯಾವುದು ಈ ಆವೃತ್ತಿಗೆ ಹೊಂದುತ್ತದೆಯೋ ಅದು ಮಾತ್ರ ಬಲವಾಗಿ ತೂಗಾಡಿಸಬಲ್ಲುದು.

ಕಂಡೆನ್ಸರಿನ ಧಾರಣಶಕ್ತಿ ಹೆಚ್ಚಿದಷ್ಟೂ ತೂಗಾಟ ನಿಧಾನವಾಗುತ್ತದೆ. ಧಾರಣಶಕ್ತಿ ಒಂಬತ್ತು ಪಾಲಾದರೆ ಆವೃತ್ತಿ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ರೇಡಿಯೋದ ಗುಂಡಿಗೆ ದಾರ ಮತ್ತು ರಾಟೆಗಳ ಮೂಲಕ ಸೇರಿಸಿದ್ದ ಕಂಡೆನ್ಸರಿನಲ್ಲಿ ಅರ್ಧಚಂದ್ರಾಕಾರದ ಲೋಹದ ಫಲಕಗಳ ಎರಡು ಗುಂಪುಗಳಿರುತ್ತಿದ್ದುವು. ಒಂದು ಗುಂಪು ಸ್ಥಿರ. ಇನ್ನೊಂದು ಅದರ ಸಂದುಗಳೊಳಗೆ ಮುಟ್ಟದಂತೆ ಸರಿಯುವುದು. ಪೂರ್ತಿ ಒಳಸೇರಿದಾಗ ಧಾರಣಶಕ್ತಿ 450 ಪಿಕೋಫ್ಯಾರಡ್, ಹೊರಬಂದಾಗ 50 ಎಂದಿಟ್ಟುಕೊಳ್ಳೋಣ. ಇದರೊಡನೆ ಸುಮಾರು 190 ಮೈಕ್ರೋಹೆನ್ರಿಯ ಸುರುಳಿಯಿದ್ದರೆ ಸುಮಾರು 540ರಿಂದ 1600 ಕಿಲೋಹರ್ಟ್ಸ್‌ವರೆಗಿನ ಇಡೀ ಮಧ್ಯಮತರಂಗ ಪಟ್ಟಿ ಅರ್ಧ ಸುತ್ತಿನೊಳಗೆ ಕೈಗೆ ಸಿಕ್ಕಿತು. ಹಳೆಯ ಫಲಕಗಳಲ್ಲಿ ಕಿಲೋಹರ್ಟ್ಸ್ ಎಂಬುದರ ಬದಲು ಕಿಲೋಸೈಕಲ್ ಎಂದು ಬರೆದಿರುವುದನ್ನು ಕಾಣಬಹುದು, ಅರ್ಥ ಒಂದೇ.

ಇಷ್ಟಕ್ಕೇ ಸಮಸ್ಯೆ ಮುಗಿಯಿತೆಂದು ಭಾವಿಸಬಾರದು. ಯಾವ ಮಂಡಲವೂ ಒಂದೇ ಒಂದು ಆವೃತ್ತಿಯನ್ನು ಒಳಬಿಟ್ಟು ಉಳಿದುದನ್ನು ಪೂರ್ತಿ ತಡೆಯಲಾರದು. ಒಳ್ಳೆಯ ಮಂಡಲವೊಂದು ತನ್ನ ಆವೃತ್ತಿಯ ನೂರನೆಯ ಒಂದು ಪಾಲಿನಷ್ಟು ಅಗಲದ ಪಟ್ಟಿಯನ್ನು ಸಲೀಸಾಗಿ ಒಳಬಿಡುತ್ತದೆ. 600 ಕಿಲೋಹರ್ಟ್ಸ್‌ನಲ್ಲಿ ಈ ಬಾಗಿಲಿನ ಅಗಲ 6, 1500ರಲ್ಲಿ 15, ಹ್ರಸ್ವತರಂಗದ 10,000ದಲ್ಲಿ 100. ಮಧ್ಯಮತರಂಗದ ನಿಲಯಗಳ ನಡುವೆ ಇರುವ ಅಂತರವಾದರೋ 9 ಅಥವಾ 10 ಕಿಲೋಹರ್ಟ್ಸ್ ಮಾತ್ರ. ಆವೃತ್ತಿ ಏರಿದಂತೆ ಬಾಗಿಲು ಅಗಲವಾಗಿ, ಬೇಡದ ಅತಿಥಿಗಳೂ ಒಳನುಗ್ಗುತ್ತಾರೆ.

ಒಂದು ಬಾಗಿಲು ಸಾಲದಿದ್ದರೆ ಒಂದರ ಹಿಂದೊಂದು ಹಲವು ಬಾಗಿಲುಗಳನ್ನಿಡಬಹುದಲ್ಲವೆ? ಮೊದಮೊದಲು ಮಾಡಿದುದು ಅದನ್ನೇ. ಅಮೆರಿಕದ ಹೇಝಲ್‌ಟೈನ್ 1923ರಲ್ಲಿ ಬಳಕೆಗೆ ತಂದ ನ್ಯೂಟ್ರೊಡೈನ್ ರೇಡಿಯೋಗಳಲ್ಲಿ ಮೂರು ಶ್ರುತಿಮಂಡಲಗಳಿದ್ದುವು. ಮುಂದುಗಡೆ ಮೂರು ಗುಂಡಿಗಳು. ನಿಲಯ ಬದಲಿಸಬೇಕಾದರೆ ಮೂರನ್ನೂ ಒಂದೊಂದಾಗಿ ತಿರುಗಿಸಿ ಹೊಂದಿಸಬೇಕು! ಮುಂದೆ ಮೂರು ಕಂಡೆನ್ಸರುಗಳನ್ನೂ ಒಂದೇ ಕಂಬಿಗೆ ಪೋಣಿಸಿದರು. ಆದರೆ ಮೂರನ್ನೂ ಪಟ್ಟಿಯ ಉದ್ದಕ್ಕೂ ತಪ್ಪದೆ ಜೊತೆಗೂಡಿಸಿ ನಡೆಸುವುದು ಸುಲಭವಾಗಿರಲಿಲ್ಲ.

ಇನ್ನೊಂದು ದಾರಿಯನ್ನು ತೋರಿಸಿದವನು ಎಡ್ವಿನ್ ಆರ್ಮ್‌ಸ್ಟ್ರಾಂಗ್. 1912ರಲ್ಲಿ, ಇನ್ನೂ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ, ಅವನು ವಾಲ್ವು ಹಿಗ್ಗಿಸಿದ ಸಂಕೇತದ ಒಂದು ಪಾಲನ್ನು ಮರಳಿ ಅದರ ಶ್ರುತಿಮಂಡಲಕ್ಕೇ ಉಣಿಸಿದನು. ತೂಗುಯ್ಯಾಲೆಗೆ ಪ್ರತಿ ಸಲವೂ ಸರಿಯಾದ ಗಳಿಗೆಯಲ್ಲಿ ಸಣ್ಣ ನೂಕು ಕೊಟ್ಟಂತಾಯಿತು. ಒಂದೇ ವಾಲ್ವಿನಿಂದ ದೂರದ ನಿಲಯಗಳು ಸ್ಪಷ್ಟವಾಗಿ ಕೇಳಿದುವು, ಬಾಗಿಲು ಕಿರಿದಾಯಿತು. ಆದರೆ ನೂಕು ತುಸು ಹೆಚ್ಚಾದರೆ ಮಂಡಲ ತಾನಾಗಿಯೇ ತೂಗಾಡತೊಡಗಿ, ಕೇಳುವ ರೇಡಿಯೋವೇ ಪ್ರಸಾರಮಾಡುವ ಯಂತ್ರವಾಗಿಬಿಡುವುದು. ಆಗ ನೆರೆಮನೆಯವರ ರೇಡಿಯೋದಲ್ಲಿ ಹಾಡಿನ ಬದಲು ಊಳಿಡುವ ಸದ್ದು!

ಇವೆಲ್ಲ ಪ್ರಯತ್ನಗಳಲ್ಲಿಯೂ ಮಂಡಲವೇ ನಿಲಯವನ್ನು ಹಿಂಬಾಲಿಸಬೇಕಾಗಿತ್ತು. ಇದನ್ನು ತಿರುವುಮುರುವಾಗಿಸಿ, ಮಂಡಲವನ್ನು ಒಂದೆಡೆ ನಿಲ್ಲಿಸಿ ನಿಲಯವನ್ನೇ ಅದರ ಬಳಿಗೆ ಕರೆತಂದರೆ ಹೇಗೆ? ಇದೇ ಸೂಪರ್‌ಹೆಟರೊಡೈನ್ ತತ್ತ್ವ. ಫ್ರಾನ್ಸಿನ ಲೂಸಿಯೆನ್ ಲೆವಿ 1917ರಲ್ಲಿ ಇದಕ್ಕೆ ಸಮೀಪದ ವಿಚಾರವನ್ನು ಮುಂದಿಟ್ಟನು. ಯುದ್ಧಕಾಲದಲ್ಲಿ ಪ್ಯಾರಿಸಿನಲ್ಲಿದ್ದ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಅದನ್ನು ಸಮರ್ಥ ರೇಡಿಯೋವಾಗಿ ರೂಪಿಸಿದನು.

ಶ್ರುತಿ ಸ್ವಲ್ಪ ತಪ್ಪಿದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದರೆ ದನಿ ಏರಿಳಿಯುತ್ತದೆ. ಏರಿಳಿತದ ಸಂಖ್ಯೆ ಎರಡು ಆವೃತ್ತಿಗಳ ವ್ಯತ್ಯಾಸಕ್ಕೆ ಸಮ. ಇದು ವಿಸ್ಪಂದ. ರೇಡಿಯೋದೊಳಗೂ ಒಂದು ವಾಲ್ವು ತನ್ನದೇ ಅಲೆಯನ್ನು ಹುಟ್ಟಿಸುತ್ತದೆ. ಮಿಶ್ರಕವಾಲ್ವಿನಲ್ಲಿ ಅದು ಹೊರಗಿನ ಅಲೆಯೊಡನೆ ಬೆರೆತು ವ್ಯತ್ಯಾಸದ ಆವೃತ್ತಿಯನ್ನು ಕೊಡುತ್ತದೆ. ಬೆಂಗಳೂರು ಆಕಾಶವಾಣಿಯ ಹೆಸರಿನೊಡನೆ ಸೇರಿಹೋದ 612 ಕಿಲೋಹರ್ಟ್ಸ್ ಬೇಕಾದರೆ ಒಳಗಿನ ಅಲೆ 1067. ಧಾರವಾಡದ 765 ಬೇಕಾದರೆ 1220. ಎರಡು ಸಲವೂ ವ್ಯತ್ಯಾಸ 455 ಮಾತ್ರ! ಹಾಡೂ ಮಾತೂ ಈ 455ರ ಮೇಲೇರಿ ಮುಂದೆ ಸಾಗುತ್ತವೆ. ಅಲ್ಲಿ ಸಣ್ಣ ಅಲ್ಯುಮಿನಿಯಮ್ ಡಬ್ಬಿಗಳೊಳಗೆ, ಕಾರ್ಖಾನೆಯಲ್ಲಿಯೇ ಒಮ್ಮೆ ಶ್ರುತಿಗೂಡಿಸಿದ ನಾಲ್ಕು ಮಂಡಲಗಳು ಸಾಮಾನ್ಯವಾಗಿ ಕಾದಿರುತ್ತವೆ. ನಿಲಯ ಯಾವುದೇ ಆಗಲಿ, ಬಾಗಿಲಿನ ಅಗಲ ಬದಲಾಗದು.

ಇಲ್ಲಿಯೂ ತೊಡಕುಗಳಿಲ್ಲದಿಲ್ಲ. ಏರಿಯಲ್ಲಿನ ಮಂಡಲ 540ರಿಂದ 1600ಕ್ಕೆ, ಅಂದರೆ ಮೂರು ಪಾಲಿಗೆ ಏರುವಾಗ, ಒಳಗಿನ ಅಲೆ 995ರಿಂದ 2055ಕ್ಕೆ, ಸುಮಾರು ಎರಡು ಪಾಲಿಗೆ ಮಾತ್ರ ಏರಬೇಕು. ಎರಡಕ್ಕೂ ಕಂಬಿ ಒಂದೇ. ಆದುದರಿಂದ ಎರಡನೆಯ ಕಂಡೆನ್ಸರಿನೊಡನೆ ಪ್ಯಾಡರ್ ಮತ್ತು ಟ್ರಿಮ್ಮರ್ ಎಂಬ ಸಣ್ಣ ಕಂಡೆನ್ಸರುಗಳನ್ನು ಸೇರಿಸಿ ಅದರ ಓಟವನ್ನು ಹತೋಟಿಗೆ ತರುತ್ತಿದ್ದರು. ಆದರೂ ಸಾಮಾನ್ಯವಾಗಿ ಎರಡು ಮಂಡಲಗಳೂ ಕರಾರುವಾಕ್ಕಾಗಿ ಹೊಂದುತ್ತಿದ್ದುದು ಪಟ್ಟಿಯ ಮೂರು ಸ್ಥಾನಗಳಲ್ಲಿ. ಉಳಿದೆಡೆ ತೀರ ಸಣ್ಣ ತಪ್ಪಿನೊಡನೆ ರಾಜಿ. ಹ್ರಸ್ವತರಂಗದಲ್ಲಿ ಇನ್ನೊಂದು ಮೋಸವಿತ್ತು. 11,800ರ ನಿಲಯ ಬಲವಾಗಿದ್ದರೆ ಅದು ಮುಳ್ಳು 10,890ರಲ್ಲಿದ್ದಾಗಲೂ ಕೇಳಿಸುವುದು. ಏಕೆಂದರೆ ಆಗ ಒಳಗಿನ ಅಲೆ 11,345. ಅದಕ್ಕೂ 11,800ಕ್ಕೂ ವ್ಯತ್ಯಾಸ ಮತ್ತೆ 455! ಇದೇ ಪ್ರತಿಬಿಂಬ ನಿಲಯ. ಇದನ್ನು ತಡೆಯುವ ಹೊಣೆ ಏರಿಯಲ್ಲಿನ ಮೊದಲ ಮಂಡಲದ್ದು.

ಶ್ರುತಿ ಕೂಡಿತೇ ಎಂಬುದನ್ನು ಕಿವಿಯೊಂದರಿಂದಲೇ ಅರಿಯುವುದು ಕಷ್ಟ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದ 1935ರಲ್ಲಿಯೇ ಅಮೆರಿಕದ ಆರ್‌ಸಿಎ ಸಂಸ್ಥೆ ‘ಮಾಯಾಕಣ್ಣು’ ಎಂಬ ವಾಲ್ವನ್ನು ಹೊರತಂದಿತು. ಹಸಿರಾಗಿ ಬೆಳಗುವ ಅದರ ವೃತ್ತದಲ್ಲಿ ಒಂದು ನೆರಳಿರುತ್ತದೆ. ಸಂಕೇತ ಬಲಗೊಂಡಂತೆ ನೆರಳು ಕಿರಿದಾಗುತ್ತದೆ. ಅದು ಅತಿ ಕಿರಿದಾದಾಗ ಗುಂಡಿಯನ್ನು ಬಿಟ್ಟರಾಯಿತು.

ಇಂದು ವಾಲ್ವುಗಳ ಸ್ಥಾನಕ್ಕೆ ಟ್ರಾನ್ಸಿಸ್ಟರು, ಅದರ ಬೆನ್ನಿಗೆ ಚಿಪ್ಪುಗಳು ಬಂದಿವೆ. ಆರಿಸುವ ಕೆಲಸದ ಬಹುಪಾಲನ್ನು ಲೆಕ್ಕಾಚಾರವೇ ಮಾಡುತ್ತದೆ. ಆದರೆ ಬೇಕಾದ ಅಲೆಯನ್ನು ಒಳಗಿನ ಅಲೆಯೊಡನೆ ಬೆರೆಸಿ ಅನುಕೂಲವಾದ ಆವೃತ್ತಿಗೆ ತರುವ ಉಪಾಯ ಜೇಬಿನ ದೂರವಾಣಿಯಲ್ಲಿಯೂ ಜೀವಂತವಾಗಿದೆ. ಅಟ್ಟದ ಪೆಟ್ಟಿಗೆ ಸಿಕ್ಕರೆ ಅದರ ಹಿಂಬದಿಯನ್ನು ತೆರೆದು, ಗುಂಡಿ ತಿರುಗಿದಂತೆ ಸರಿಯುವ ಫಲಕಗಳನ್ನೂ ಸಾಲುನಿಂತ ಡಬ್ಬಿಗಳನ್ನೂ ನೋಡುವುದು ಒಳ್ಳೆಯ ಪಾಠ. ಆದರೆ ವಿದ್ಯುತ್ ತಂತಿಯನ್ನು ಕಿತ್ತ ಮೇಲೆಯೇ ನೋಡಬೇಕು; ಒಳಗೆ ಕೈಯಿಡಬಾರದು. ಅಂಥ ರೇಡಿಯೋಗಳಲ್ಲಿ 250 ವೋಲ್ಟ್ ಸಾಮಾನ್ಯ. ತಂತಿ ಕಿತ್ತ ಬಳಿಕವೂ ದೊಡ್ಡ ಕಂಡೆನ್ಸರುಗಳು ಅದನ್ನು ಕೆಲಹೊತ್ತು ಹಿಡಿದಿಟ್ಟುಕೊಂಡಿರಬಲ್ಲುವು. ಡಬ್ಬಿಯ ತಿರುಪುಗಳನ್ನೂ ತಿರುಗಿಸಕೂಡದು. ಒಬ್ಬ ಕುಶಲನು ಕೂಡಿಸಿಟ್ಟ ಶ್ರುತಿ ಅಲ್ಲಿ ಇಂದಿಗೂ ಉಳಿದಿರಬಹುದು.