ಕಂಪ್ಯೂಟರಿನ ಹೊಟ್ಟೆಗೂ ಬಂತು ಸುಣ್ಣಬಣ್ಣ

ಹಾರ್ಡ್‌ವೇರ್ ಅಂಗಡಿ ಎಂದರೆ ಮೊಳೆ, ಚಿಲಕ, ನಲ್ಲಿ, ಪೇಂಟು ಸಿಗುವ ಜಾಗ. ಅದೇ ಹಾರ್ಡ್‌ವೇರ್ ಎಂಬ ಮಾತಿಗೆ ಕಂಪ್ಯೂಟರಿನವರ ಬಾಯಲ್ಲಿ ಬೇರೆಯೇ ಅರ್ಥ. ಈಗೀಗ ಈ ಎರಡು ಹಾರ್ಡ್‌ವೇರುಗಳಿಗೂ ನೆಂಟಸ್ತಿಕೆ ಕೂಡಿಬಂದಿದೆ. ಕಾಲೇಜು ಹುಡುಗನೊಬ್ಬ ಅಂಗಡಿ ಮೆಟ್ಟಿಲು ಹತ್ತಿ “ಬಿಳಿ ಸ್ಪ್ರೇ ಡಬ್ಬಿ ಒಂದು ಕೊಡಿ” ಅಂದರೆ “ಬೈಕಿಗಾ, ಗೇಟಿಗಾ?” ಅಂತ ಕೇಳುವುದು ಗಲ್ಲಾದ ಮೇಲೆ ಕೂತವರ ವಾಡಿಕೆ. “ಎರಡಕ್ಕೂ ಅಲ್ಲ, ಗ್ರಾಫಿಕ್ಸ್ ಕಾರ್ಡಿಗೆ” ಎಂಬ ಉತ್ತರ ಬಂದರೆ ಗಾಬರಿ ಬೀಳಬೇಕಾಗಿಲ್ಲ. ಹುಡುಗನಿಗೆ ತಲೆ ಕೆಟ್ಟಿಲ್ಲ. ಆದರೆ ಡಬ್ಬಿ ಕೊಡುವ ಮುಂಚೆ ಎರಡು ಮಾತು ವಿಚಾರಿಸಿದರೆ ಅವನ ಮನೆಯವರ ಮೂವತ್ತು ಸಾವಿರ ರೂಪಾಯಿ ಉಳಿದೀತು.

ಗ್ರಾಫಿಕ್ಸ್ ಕಾರ್ಡ್ ಅಂದರೇನು ಅಂತ ಬಸ್ಸಿನಲ್ಲಿ ಪಕ್ಕದವರು ಕೇಳಿದರೆ ಹೇಳಲು ಕಷ್ಟವಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವ ಹಲಗೆ ಅದು. ಆಟ ಆಡುವವರಿಗೆ, ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ, ಕಟ್ಟಡದ ನಕ್ಷೆ ಬರೆಯುವವರಿಗೆ ಬೇಕೇ ಬೇಕು. ಈ ಹಲಗೆಗೆ ಸೆಖೆ ಜಾಸ್ತಿ. 2023ರಲ್ಲಿ ಬಂದ ಎನ್ವಿಡಿಯಾ ಕಂಪೆನಿಯ ಆರ್‌ಟಿಎಕ್ಸ್ 4060 ಎಂಬ ಮಧ್ಯಮ ವರ್ಗದ ಕಾರ್ಡು 115 ವಾಟ್ ಕರೆಂಟು ತಿನ್ನುತ್ತದೆ. ಅದಕ್ಕೂ ಹಿಂದಿನ ವರ್ಷ ಬಂದ ಶ್ರೀಮಂತರ ಕಾರ್ಡು 4090 ತಿನ್ನುವುದು 450 ವಾಟ್. ಹಳೇ ಕಾಲದ ನೂರು ವಾಟಿನ ಬುರುಡೆ ಬಲ್ಬುಗಳನ್ನು ನಾಲ್ಕೂವರೆ ಸಂಖ್ಯೆಯಲ್ಲಿ ಒಂದು ಡಬ್ಬಿಯೊಳಗೆ ಉರಿಸಿದ ಹಾಗೆ. ಈ ಕಾವನ್ನು ಹೊರದಬ್ಬಲು ಕಾರ್ಡಿನ ಮೈಮೇಲೆ ತಾಮ್ರದ ಕೊಳವೆ, ಅಲ್ಯುಮಿನಿಯಂ ತಗಡಿನ ಪದರಗಳು, ಎರಡೋ ಮೂರೋ ಫ್ಯಾನು, ಇವಕ್ಕೆಲ್ಲ ಮೇಲೊಂದು ಪ್ಲಾಸ್ಟಿಕ್ ಅಂಗಿ. ಒಟ್ಟಿಗೆ ಇದಕ್ಕೆ ಕೂಲರ್ ಅಂತ ಹೆಸರು. ಬಣ್ಣದ ಗಲಾಟೆ ಶುರುವಾಗುವುದು ಈ ಅಂಗಿಯಿಂದ.

ಬಿಳಿ ಪಂಚೆ, ಕರಿ ಕೋಟು

ಒಂದಾನೊಂದು ಕಾಲಕ್ಕೆ ಕಂಪ್ಯೂಟರಿನ ಬಣ್ಣ ಅಂತ ಯಾರೂ ತಲೆ ಕೆಡಿಸಿಕೊಂಡವರಲ್ಲ. ಆಫೀಸಿನ ಫೈಲಿನಂಥ ಮಾಸಲು ಬಿಳಿಯ ಪೆಟ್ಟಿಗೆ, ಮೇಲೊಂದು ಕಸೂತಿ ಬಟ್ಟೆ ಹೊದಿಸಿದರೆ ಮುಗಿಯಿತು. 1998ರಲ್ಲಿ ಆಪಲ್ ಕಂಪೆನಿ ನೀಲಿ ಬಣ್ಣದ, ಒಳಗು ಮಸುಕಾಗಿ ಕಾಣುವ ಐಮ್ಯಾಕ್ ತಂದಾಗ ಜನ ಬೆರಗಾಗಿ ನೋಡಿದರು. ಆಮೇಲೆ ಬಂದದ್ದು ಗಾಜಿನ ಪಕ್ಕದ ಪೆಟ್ಟಿಗೆ. ಮಿಠಾಯಿ ಅಂಗಡಿಯ ಷೋಕೇಸಿನಂತೆ ಒಳಗಿನದೆಲ್ಲ ಹೊರಗೆ ಕಾಣತೊಡಗಿತು. ಕಂಡ ಮೇಲೆ ಚೆಂದ ಇರಬೇಡವೇ?

ಕೆಲವು ವರ್ಷ ಕಪ್ಪು ಕೆಂಪಿನ ಜೋಡಿಯದೇ ದರ್ಬಾರು. ಆಮೇಲೆ ಬಣ್ಣ ಬದಲಿಸುವ ದೀಪಗಳು ಬಂದವು, ಗಣೇಶನ ಪೆಂಡಾಲು ಪೆಟ್ಟಿಗೆಯೊಳಗೆ ಹೊಕ್ಕಿತು. ಅದರ ಹಿಂದೆಯೇ ಪೂರ್ತಿ ಬಿಳಿಯ ಷೋಕಿ. ಪೆಟ್ಟಿಗೆ ಬಿಳಿ, ಒಳಗಿನ ಮದರ್‌ಬೋರ್ಡ್ ಬಿಳಿ, ಫ್ಯಾನು ಬಿಳಿ. ಇಷ್ಟೆಲ್ಲ ಹೊಂದಿಸಿ ಕೊನೆಗೆ ದೊಡ್ಡ ದುಡ್ಡು ಕೊಟ್ಟು ತಂದ ಗ್ರಾಫಿಕ್ಸ್ ಕಾರ್ಡ್ ಮಾತ್ರ ಕಾಗೆ ಕಪ್ಪು. ನೋಡುವವರ ಕಣ್ಣಿಗೆ ಮದುವೆ ಮಂಟಪದಲ್ಲಿ ಬಿಳಿ ಪಂಚೆಯ ಮೇಲೆ ವಕೀಲರ ಕೋಟು ಹಾಕಿ ಕೂತ ಬೀಗರಂತೆ.

ಬಿಳಿ ಕಾರ್ಡು ಸಿಗುವುದಿಲ್ಲವೆಂದಲ್ಲ. ಸಿಗುತ್ತದೆ. ಆದರೆ ಅದೇ ಮಾಡೆಲ್ಲಿನ ಕರಿ ಕಾರ್ಡಿಗಿಂತ ಸಾಮಾನ್ಯವಾಗಿ ಬೆಲೆ ಹೆಚ್ಚು, ಎಲ್ಲ ಮಾಡೆಲ್ಲುಗಳಲ್ಲೂ ಬರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿ ಕಾಲು ನೋಯಿಸಿಕೊಂಡ ಹುಡುಗ “ಬಿಳೀದು ಸ್ಟಾಕ್ ಇಲ್ಲ, ಕರೀದು ಬೇಕಾದ್ರೆ ಈಗಲೇ ಪ್ಯಾಕ್ ಮಾಡ್ತೀನಿ” ಅನ್ನುವ ಮಾತಿಗೆ ಸೋತು ಕರಿಯದನ್ನೇ ತರುತ್ತಾನೆ. ಇನ್ನೂರು ಮುನ್ನೂರು ರೂಪಾಯಿಯ ಡಬ್ಬಿಯಲ್ಲಿ ಕೆಲಸ ಆಗುವುದಾದರೆ ಸಾವಿರಗಟ್ಟಲೆ ಯಾಕೆ ಸುರಿಯಬೇಕು ಎಂಬ ಲೆಕ್ಕ ಅವನದು. ಲೆಕ್ಕ ತಪ್ಪಲ್ಲ. ಆಟೋ ಹಿಂದೆ ನಟನ ಚಿತ್ರ, ಲಾರಿ ಮೂತಿಗೆ ತಾವರೆ, ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಮಗಳ ಹೆಸರು ಬರೆಸಿದ ಊರಿನವರು ಇದನ್ನು ನೋಡಿ ನಗುವುದು ನ್ಯಾಯವೂ ಅಲ್ಲ.

ಬಣ್ಣದ ವಿಷಯದಲ್ಲಿ ಕಂಪೆನಿಗಳದ್ದೂ ಒಂದು ತಮಾಷೆ ಇದೆ. ಆಸ್ಟ್ರಿಯಾ ದೇಶದ ನಾಕ್ಟುವಾ ಎಂಬ ಫ್ಯಾನಿನ ಕಂಪೆನಿ ಕಂದು ಮತ್ತು ಕೆನೆ ಬಣ್ಣಕ್ಕೆ ಹೆಸರುವಾಸಿ. ಕಾಫಿಗೆ ಹಾಲು ಹಾಕಿದಂಥ ಬಣ್ಣ. ಗಾಳಿ ಚೆನ್ನಾಗಿ ಬರುತ್ತೆ, ಸದ್ದಿಲ್ಲ, ಆದರೆ ನೋಡೋಕಾಗಲ್ಲ ಅಂತ ಗಿರಾಕಿಗಳು ಗೊಣಗಿದರು. ಕಡೆಗೆ ಕಂಪೆನಿ ಕಪ್ಪು ಫ್ಯಾನನ್ನೂ ಮಾಡಿತು. ಅಷ್ಟರಲ್ಲಿ ಕಂದು ಬಣ್ಣಕ್ಕೇ ಅಭಿಮಾನಿಗಳು ಹುಟ್ಟಿಕೊಂಡಿದ್ದರು. 2021ರಲ್ಲಿ ಆಸುಸ್ ಕಂಪೆನಿ ಇವರ ಜತೆಗೂಡಿ ಆರ್‌ಟಿಎಕ್ಸ್ 3070 ಕಾರ್ಡನ್ನು ಅದೇ ಕಂದು ಬಣ್ಣದಲ್ಲಿ ಮಾರಿತು!

ಅಂಗಿಗೆ ಬಣ್ಣ, ಮೈಗಲ್ಲ

ಈಗ ಅಸಲು ಮಾತು. ಬಣ್ಣ ಹೊಡೆಯಬೇಕಾದ್ದು ಪ್ಲಾಸ್ಟಿಕ್ ಅಂಗಿಗೆ ಮಾತ್ರ. ಕಾರ್ಡನ್ನು ಇಡಿಯಾಗಿ ಗೋಡೆಗೆ ಒರಗಿಸಿ ಭುಸ್ಸಂತ ಸ್ಪ್ರೇ ಹೊಡೆದರೆ ಆ ಕಾರ್ಡಿನ ಕಥೆ ಅಲ್ಲಿಗೆ ಮುಗಿಯಿತು ಅಂತಲೇ ಹೇಳಬೇಕು. ಅಲ್ಯುಮಿನಿಯಂ ತಗಡುಗಳ ನಡುವೆ ಇರುವ ಸಂದು ಬಾಚಣಿಗೆ ಹಲ್ಲಿನಷ್ಟು ಕಿರಿದು. ಬಣ್ಣ ಕೂತರೆ ಗಾಳಿಯ ದಾರಿ ಕಟ್ಟುತ್ತದೆ. ಬಣ್ಣಕ್ಕೆ ಶಾಖ ಸಾಗಿಸುವ ಗುಣವೂ ಲೋಹಕ್ಕಿರುವಷ್ಟಿಲ್ಲ. ಫ್ಯಾನಿನ ರೆಕ್ಕೆಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬಿದ್ದರೆ ತೂಕ ತಪ್ಪಿ ನಡುಗುತ್ತದೆ. ರಾತ್ರಿ ಹನ್ನೊಂದಕ್ಕೆ ಹಳೇ ಟೇಬಲ್ ಫ್ಯಾನಿನ ಹಾಗೆ ಗೊರಗೊರ ಅನ್ನುತ್ತದೆ. ನಡುವಿನ ಬೇರಿಂಗಿಗೆ ಬಣ್ಣ ಇಳಿದರೆ ತಿರುಗುವುದೇ ಇಲ್ಲ.

ಆದ್ದರಿಂದ ಅಂಗಿ ಬಿಚ್ಚಲೇಬೇಕು. ಕೆಲವು ಕಾರ್ಡುಗಳಲ್ಲಿ ಇದು ಸಲೀಸು, ನಾಲ್ಕಾರು ಸಣ್ಣ ಸ್ಕ್ರೂ ತೆಗೆದು ಫ್ಯಾನಿನ ವೈರು ಬಿಡಿಸಿದರೆ ಕೈಗೆ ಬರುತ್ತದೆ. ವೈರಿನ ತುದಿಯ ಪಿನ್ನು ಅಕ್ಕಿಕಾಳಿನಷ್ಟು ಚಿಕ್ಕದು. ವೈರು ಹಿಡಿದು ಎಳೆದರೆ ಕಿತ್ತೇ ಬರುತ್ತದೆ, ತುದಿ ಹಿಡಿದು ಎಳೆಯಬೇಕು. ಇನ್ನು ಕೆಲವು ಕಾರ್ಡುಗಳಲ್ಲಿ ಇಡೀ ಕೂಲರನ್ನೇ ಮೇಲೆತ್ತದೆ ಅಂಗಿ ಬರುವುದಿಲ್ಲ. ಎತ್ತಿದ ಮೇಲೆ ಹಳೇ ಥರ್ಮಲ್ ಪೇಸ್ಟು ಒರೆಸಿ ಹೊಸದು ಹಚ್ಚಬೇಕು. ನೆನಪಿನ ಚಿಪ್ಪುಗಳ ಮೇಲೆ ಕೂತ ಮೆತ್ತನೆಯ ಥರ್ಮಲ್ ಪ್ಯಾಡು ಹರಿದಿದ್ದರೆ ಅಷ್ಟೇ ದಪ್ಪದ್ದು ತರಬೇಕು. ಅರ್ಧ ಮಿಲಿಮೀಟರ್ ಹೆಚ್ಚಾದರೂ ಕೂಲರ್ ಮುಖ್ಯ ಚಿಪ್ಪಿಗೆ ಸರಿಯಾಗಿ ತಾಗುವುದಿಲ್ಲ. ಬಣ್ಣ ಹೊಡೆದು ಕಾರ್ಡು ಸುಟ್ಟಿತು ಅನ್ನುವವರು ತಪ್ಪನ್ನು ಡಬ್ಬಿಯ ಮೇಲೆ ಹಾಕುವ ಮೊದಲು ಈ ಪ್ಯಾಡನ್ನು ನೋಡಿಕೊಳ್ಳುವುದು ಒಳ್ಳೆಯದು.

ಹಿಂಬದಿಯ ಲೋಹದ ತಗಡಿಗೂ ಬಣ್ಣ ಹೊಡೆಯಬಹುದು. ಹೊರಮೈಗೆ ಮಾತ್ರ. ಒಳಮೈಯಲ್ಲಿ ಶಾರ್ಟ್ ಆಗದಿರಲಿ ಅಂತ ಅಂಟಿಸಿರುವ ತೆಳು ಹಾಳೆ ಇದ್ದರೆ ಅದನ್ನು ಕೀಳುವ ಬುದ್ಧಿ ಬೇಡ.

ಗಲ್ಲಾದಲ್ಲಿ ಕೂತವರು ಗಮನಿಸಬೇಕಾದ್ದು

ಇಲ್ಲಿ ಪೇಂಟಿನ ಅಂಗಡಿಯವರ ಪಾತ್ರ ದೊಡ್ಡದು. ಕಾರ್ಡಿನ ಅಂಗಿ ಬಹುಮಟ್ಟಿಗೆ ಎಬಿಎಸ್ ಜಾತಿಯ ಪ್ಲಾಸ್ಟಿಕ್. ಜಿಡ್ಡು ಹೋಗಲಿ ಅಂತ ಇದಕ್ಕೆ ಥಿನ್ನರೋ, ಉಗುರುಬಣ್ಣ ಅಳಿಸುವ ಅಸಿಟೋನೋ ಸವರಿದರೆ ಪ್ಲಾಸ್ಟಿಕ್ಕೇ ಕರಗಿ ಅಂಟಂಟಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಗೇಟಿಗೆ ಹೊಡೆಯುವ ಸಿಂಥೆಟಿಕ್ ಎನಾಮಲ್ ಕೊಟ್ಟು ಕಳಿಸುವುದೂ ಸರಿಯಲ್ಲ. ಬಿಳಿ ಎನಾಮಲ್ ಕಾವಿಗೆ, ಕತ್ತಲಿಗೆ ಬರಬರುತ್ತಾ ಹಳದಿಯಾಗುತ್ತದೆ. ಕಾರ್ಡಿನ ಪಾಲಿಗೆ ಎರಡೂ ತಪ್ಪಿದ್ದಲ್ಲ. ಅಕ್ರಿಲಿಕ್ ಸ್ಪ್ರೇ ಮೇಲು. ಅದಕ್ಕೆ ಮುಂಚೆ ಪ್ಲಾಸ್ಟಿಕ್ಕಿಗೇ ಅಂತ ಬರುವ ಪ್ರೈಮರ್ ಒಂದು ಕೈ. ಬೈಕಿನ ಡೂಮಿಗೆ, ಕಾರಿನ ಬಂಪರಿಗೆ ಬಣ್ಣ ಹೊಡೆಯುವವರಿಗೆ ಇದೆಲ್ಲ ಗೊತ್ತಿರುವ ವಿಷಯವೇ. ಎಸ್.ಪಿ. ರಸ್ತೆಗೆ ಹೋದವರು ಹತ್ತಿರದಲ್ಲೇ ಇರುವ, ವಾಹನದ ಬಿಡಿಭಾಗಕ್ಕೆ ಹೆಸರಾದ ಜೆ.ಸಿ. ರಸ್ತೆಗೂ ಒಂದು ಸುತ್ತು ಹಾಕಿದರೆ ನಷ್ಟವಿಲ್ಲ.

ಪೌಡರ್ ಕೋಟಿಂಗ್ ಮಾಡಿಸಿಬಿಡೋಣ ಅನ್ನುವ ಧಾರಾಳಿಗಳೂ ಉಂಟು. ಅಲ್ಲಿ ಒಲೆಯ ಕಾವು 180–200 ಡಿಗ್ರಿ. ಎಬಿಎಸ್ ಮೆತ್ತಗಾಗಲು ನೂರರ ಆಸುಪಾಸು ಸಾಕು. ಒಳಗೆ ಹೋದದ್ದು ಅಂಗಿ, ಹೊರಗೆ ಬರುವುದು ಹಪ್ಪಳ. ಲೋಹದ ಹಿಂಬದಿ ತಗಡಾದರೆ, ಹಾಳೆ ಗೀಳೆ ಏನೂ ಇಲ್ಲದಿದ್ದರೆ, ಅಡ್ಡಿಯಿಲ್ಲ.

ಹೊಡೆಯುವ ರೀತಿಗೆ ದೊಡ್ಡ ವಿದ್ಯೆ ಬೇಡ, ತಾಳ್ಮೆ ಬೇಕು. 400 ಅಥವಾ 600 ನಂಬರಿನ ಮರಳು ಕಾಗದವನ್ನು ನೀರಿನಲ್ಲಿ ನೆನೆಸಿ ಹೊಳಪು ಹೋಗುವವರೆಗೆ ಹಗುರಾಗಿ ಉಜ್ಜುವುದು, ತೊಳೆದು ಒಣಗಿಸುವುದು, ಒಂದು ಗೇಣು ದೂರದಿಂದ ತೆಳ್ಳಗೆ ಬೀಸಿದಂತೆ ಹೊಡೆಯುವುದು. ಮೊದಲ ಕೈಗೆ ಕರಿ ಪೂರಾ ಮುಚ್ಚುವುದಿಲ್ಲ, ಮುಚ್ಚಬಾರದು ಕೂಡ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಮತ್ತೊಂದು. ಒಂದೇ ಸಲಕ್ಕೆ ಮುಚ್ಚಿಬಿಡ್ತೀನಿ ಅಂತ ಹೊರಟವರ ಕಾರ್ಡಿನ ಮೇಲೆ ಬಣ್ಣ ಕಣ್ಣೀರಿನ ಹಾಗೆ ಇಳಿದಿರುತ್ತದೆ. ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಒಳಗಿನಿಂದ ಗಟ್ಟಿಯಾಗಲು ಕೆಲವು ದಿನ ಬೇಕು. ಈ ಕೆಲವು ದಿನವೇ ಹುಡುಗರಿಗೆ ಆಗದ ಕೆಲಸ. ಸಂಜೆ ಬಣ್ಣ, ರಾತ್ರಿ ಆಟ. ಹಸಿ ಬಣ್ಣಕ್ಕೆ ಕಾವು ತಾಗಿ ಕೋಣೆ ತುಂಬ ವಾಸನೆ, ಬೆರಳಿಟ್ಟಲ್ಲಿ ಬೆರಳಚ್ಚು.

ಕಾಲವನ್ನೂ ನೋಡಬೇಕು. ಮಲೆನಾಡು, ಕರಾವಳಿಯವರು ಆಷಾಢದ ಮಳೆಯಲ್ಲಿ ಈ ಕೆಲಸಕ್ಕೆ ಇಳಿಯದಿರುವುದೇ ವಾಸಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೇಗ ಒಣಗುವ ಬಣ್ಣದ ಮೇಲೆ ಬೂದಿ ಬಳಿದಂಥ ಮಂಕು ಕೂರುತ್ತದೆ. ಅಡುಗೆಮನೆಯ ಒಲೆ ಹತ್ತಿರ ಹೊಡೆಯುವುದಂತೂ ಶುದ್ಧ ಅವಿವೇಕ. ಡಬ್ಬಿಯಲ್ಲಿರುವುದು ಬೆಂಕಿ ಹಿಡಿಯುವ ಅನಿಲ. ಮಾಳಿಗೆಯ ಮೇಲೆ, ಮೂಗಿಗೆ ಬಟ್ಟೆಯಲ್ಲ ಸರಿಯಾದ ಮುಖಕವಚ ಕಟ್ಟಿ ಹೊಡೆಯಲಿ.

ಚೀಟಿ ಹರಿದರೆ?

ಇಷ್ಟೆಲ್ಲ ಸರಿಯಾಗಿ ಆದರೂ ಒಂದು ಮುಳ್ಳು ಉಳಿಯುತ್ತದೆ, ಅದು ಗ್ಯಾರಂಟಿ. ಕಾರ್ಡಿನ ಒಂದು ಸ್ಕ್ರೂ ಮೇಲೆ ಪುಟ್ಟ ಚೀಟಿ ಅಂಟಿರುವುದುಂಟು. ಹರಿದರೆ ವಾರಂಟಿ ಇಲ್ಲ ಅಂತ ಅದರ ಅರ್ಥ. ಅಮೆರಿಕದಲ್ಲಿ ಈ ಚೀಟಿಗೆ ಬೆಲೆಯಿಲ್ಲ ಎಂಬಂತೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪೆನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. 2024ರಲ್ಲಿ ಮತ್ತೆ ಬರೆದಾಗ ಗ್ರಾಫಿಕ್ಸ್ ಕಾರ್ಡು ತಯಾರಕರೂ ಆ ಪಟ್ಟಿಯಲ್ಲಿದ್ದರು. ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗೆಂದು ಪೋರ್ಟಲ್ ತೆರೆಯಿತು. ಆದರೆ ಹರಿದ ಚೀಟಿಯ, ಅದರ ಮೇಲೆ ಬಣ್ಣವೂ ಬಿದ್ದ ಕಾರ್ಡನ್ನು ಹಿಡಿದು ಸರ್ವಿಸ್ ಸೆಂಟರಿನ ಕೌಂಟರಿನ ಮುಂದೆ ನಿಂತವನಿಗೆ ಕಾನೂನಿನ ಮಾತು ಎಷ್ಟು ದೂರ ಬರುತ್ತದೆ? “ಇದು ನಮ್ಮ ಕಂಪೆನಿ ಬಣ್ಣ ಅಲ್ವಲ್ಲ ಸಾರ್” ಅಂದರೆ ಉತ್ತರ ಎಲ್ಲಿಂದ ತರುವುದು? ಮೂರು ವರ್ಷದ ವಾರಂಟಿ ಇದ್ದರೆ ಅದು ಮುಗಿಯುವವರೆಗೆ ಕಾಯುವುದು, ಇಲ್ಲವೇ ಬಿಚ್ಚದೆ ಮೇಲೆ ಅಂಟಿಸುವ ವಿನೈಲ್ ಸ್ಟಿಕ್ಕರಿನಲ್ಲಿ ತೃಪ್ತಿಪಡುವುದು. ನಂಬರ್ ಪ್ಲೇಟು ಬರೆಯುವ ರೇಡಿಯಂ ಅಂಗಡಿಯವರು ಅಳತೆಗೆ ಕತ್ತರಿಸಿ ಕೊಟ್ಟಾರು. ಗಾಳಿಯ ಕಿಂಡಿ ಮುಚ್ಚದಂತೆ ನೋಡಿಕೊಂಡರಾಯಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಕಿವಿಮಾತು ಬಾಕಿ ಇದೆ. ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯ ಗಿಟ್ಟಿಸಲು ಹಗಲೂ ರಾತ್ರಿ ದುಡಿಸಿದ ಕಾರ್ಡುಗಳು, 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಪದ್ಧತಿ ಬದಲಾದ ಮೇಲೆ ಕೆಲಸವಿಲ್ಲದೆ ಮಾರುಕಟ್ಟೆಗೆ ಬಂದವು. ಹೊಸ ಬಣ್ಣದ ಹಳೇ ಕಾರ್ಡು ಎದುರಿಗೆ ಬಂದರೆ ಸ್ಕ್ರೂಗಳ ತಲೆ ಸವೆದಿದೆಯೇ, ಸೀರಿಯಲ್ ನಂಬರಿನ ಚೀಟಿ ಓದಲು ಬರುತ್ತದೆಯೇ, ತಗಡಿನ ಸಂದಿನಲ್ಲಿ ಧೂಳು ಎಷ್ಟಿದೆ ಅಂತ ಬಗ್ಗಿ ನೋಡುವುದು. ಅರ್ಧ ಗಂಟೆ ಓಡಿಸಿ ತೋರಿಸಲು ಒಪ್ಪದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಷೋಕಿಗೆ ಬಣ್ಣ ಹೊಡೆದವನು ಹಳೇ ಫೋಟೋ ತೋರಿಸಿ ತಾನೇ ಹೇಳಿಕೊಳ್ಳುತ್ತಾನೆ.

ಇನ್ನು, ಎಲ್ಲ ಸಾಂಗವಾಗಿ ನೆರವೇರಿತು ಅಂತಲೇ ಇಟ್ಟುಕೊಳ್ಳಿ. ವಾರ ಕಾದು, ಸ್ಕ್ರೂ ಬಿಗಿದು, ಫ್ಯಾನು ತಿರುಗಿ, ಬಿಳಿ ಕಾರ್ಡು ಬಿಳಿ ಪೆಟ್ಟಿಗೆಯಲ್ಲಿ ಕೂತಿತು. ಗಾಜಿನ ಬಾಗಿಲು ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾನೆ ಹುಡುಗ. ಕಾರ್ಡಿಗೆ ಕರೆಂಟು ತರುವ ದಪ್ಪ ವೈರುಗಳು ಅಡ್ಡಲಾಗಿ ಬಿದ್ದಿವೆ, ಕರೀ ಬಣ್ಣ. ಅದಕ್ಕೂ ಬಿಳಿ ವೈರು ಸಿಗುತ್ತೆ ಅಂತ ಯಾರೋ ಹೇಳಿದ್ದಾರೆ. ಬೆಳಗಿನ ಮೊದಲ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಎಸ್.ಪಿ. ರಸ್ತೆ.