ತಾಯಿಯ ತಟ್ಟೆಯಲ್ಲಲ್ಲ, ತೊಡೆಯ ಸಂದಿಯಲ್ಲಿ ನೋಡಿ

ಕಳೆದ ಆಷಾಢದಲ್ಲಿ ಅಕ್ಕನ ಮಗಳ ಬಾಣಂತಿ ಕೋಣೆಗೆ ಹೋದಾಗ ಅವಳ ತಟ್ಟೆಯಲ್ಲಿದ್ದದ್ದು ಅನ್ನ, ಮೆಣಸಿನ ಸಾರು, ಒಂದು ಚಮಚ ತುಪ್ಪ. ಹಣ್ಣಿಲ್ಲ, ಬೆಲ್ಲವಿಲ್ಲ, ಬೇಳೆಯೂ ಇಲ್ಲ. ಮೂರು ತಿಂಗಳ ಕೂಸಿಗೆ ಲಂಗೋಟಿ ಕಟ್ಟುವ ಜಾಗವೆಲ್ಲ ಕೆಂಪಾಗಿ ವಾರವಾಗಿತ್ತು. ‘ನಿನ್ನ ಉಷ್ಣವೇ ಹಾಲಲ್ಲಿ ಇಳಿದು ಮಗುವಿಗೆ ಹೋಗ್ತಿದೆ’ ಎಂದು ಮನೆಯ ಹಿರಿಯರು ಅವಳ ಊಟದಿಂದ ಒಂದೊಂದನ್ನೇ ತೆಗೆಸಿದ್ದರು. ‘ನಾಮಕರಣದ ದಿನ ಎರಡು ಹೋಳಿಗೆ ತಿಂದೆ ಚಿಕ್ಕಮ್ಮಾ, ಅದಕ್ಕೇ ಹೀಗಾಯ್ತೇನೋ’ ಎಂದವಳ ಕಣ್ಣು ತುಂಬಿತ್ತು.

ಮಾರನೆಯ ದಿನ ಮಕ್ಕಳ ಡಾಕ್ಟರು ಅವಳ ಊಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮಗುವಿನ ತೊಡೆಯ ಸಂದಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಿಡಿಸಿ ತೋರಿಸಿದರು. ಒಳಗೆ ಕಡುಗೆಂಪು, ಅಂಚು ಗೆರೆ ಎಳೆದಂತೆ ಸ್ಪಷ್ಟ. ಅಂಚಿನಾಚೆಗೆ ಸಾಸಿವೆ ಚೆಲ್ಲಿದ ಹಾಗೆ ಬಿಡಿಬಿಡಿ ಗುಳ್ಳೆ. ಬರೀ ಒದ್ದೆಯಿಂದ ಆದ ಉರಿ ಸಾಮಾನ್ಯವಾಗಿ ಬಟ್ಟೆ ತಾಗುವ ಉಬ್ಬಿನ ಮೇಲೆ ಬರುತ್ತದೆ, ಸಂದುಗಳನ್ನು ಬಿಟ್ಟಿರುತ್ತದೆ. ಸಂದಿಯಲ್ಲೇ ಮನೆ ಮಾಡಿಕೊಳ್ಳುವುದು ಯೀಸ್ಟ್.

ಕ್ಯಾಂಡಿಡಾ ಎಂಬ ಈ ಯೀಸ್ಟ್ ಬಹಳಷ್ಟು ಜನರ ಬಾಯಲ್ಲಿ, ಕರುಳಲ್ಲಿ ಯಾರಿಗೂ ತೊಂದರೆ ಕೊಡದೆ ಬದುಕಿಕೊಂಡಿರುತ್ತದೆ. ಮೂತ್ರ, ಮಲ ಬೆರೆತು ಅಮೋನಿಯಾ ಹುಟ್ಟಿದಾಗ ಚರ್ಮದ ಸಹಜ ಹುಳಿತನ ಕಡಿಮೆಯಾಗುತ್ತದೆ. ಆಗ ಮಲದಲ್ಲಿರುವ ಕಿಣ್ವಗಳು ಚುರುಕಾಗಿ ಚರ್ಮದ ಮೇಲ್ಪದರವನ್ನು ಸವೆಸುತ್ತವೆ. ಸವೆದ, ಬೆಚ್ಚಗಿನ, ಒದ್ದೆಯಾದ ಜಾಗ ಸಿಕ್ಕರೆ ಯೀಸ್ಟಿಗೆ ಇನ್ನೇನು ಬೇಕು? ಮೂರು ದಿನವಾದರೂ ಮಾಯದ ಕೆಂಪಿನಲ್ಲಿ ಅದು ಸೇರಿಕೊಂಡಿರುವ ಸಂಭವ ಹೆಚ್ಚು. ಮಗುವೋ ಹಾಲೂಡಿಸುವ ತಾಯಿಯೋ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರಂತೂ ಯೀಸ್ಟನ್ನು ಹದ್ದುಬಸ್ತಿನಲ್ಲಿಡುವ ಬ್ಯಾಕ್ಟೀರಿಯಾಗಳೂ ಕಡಿಮೆಯಾಗಿರುತ್ತವೆ. ನಮ್ಮ ಹುಡುಗಿ ಹೊಲಿಗೆಯ ನೋವಿಗೆಂದು ಅಂಥ ಮಾತ್ರೆಯನ್ನು ಆಗಷ್ಟೇ ಮುಗಿಸಿದ್ದಳು. ಎಲ್ಲರಿಗೂ ಹೋಳಿಗೆ ನೆನಪಿತ್ತು, ಮಾತ್ರೆ ಯಾರಿಗೂ ನೆನಪಿರಲಿಲ್ಲ.

‘ತಾಯಿ ಸಿಹಿ ತಿಂದರೆ ಹಾಲಿನ ಸಕ್ಕರೆ ಏರಿ ಯೀಸ್ಟಿಗೆ ಮೇವಾಗುತ್ತದೆ’ ಎಂಬ ಮಾತು ಈಗ ಉಷ್ಣದ ಮಾತಿನ ಜೊತೆಗೆ ಸೇರಿಕೊಂಡಿದೆ. ಎದೆಹಾಲಿನಲ್ಲಿ ಇರುವ ಸಕ್ಕರೆ ಲ್ಯಾಕ್ಟೋಸ್. 100 ಮಿಲಿಲೀಟರಿನಲ್ಲಿ ಸುಮಾರು 7 ಗ್ರಾಂ. ತಾಯಿ ಹೋಳಿಗೆ ಉಂಡರೂ ಸಪ್ಪೆ ಸಾರು ಉಂಡರೂ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೆತ್ತು ಸುಸ್ತಾದ ಹೆಂಗಸಿನಿಂದ ಬೇಳೆ, ಸೊಪ್ಪು, ಹಣ್ಣು ಕಿತ್ತುಕೊಂಡರೆ ಮಗುವಿನ ಚರ್ಮಕ್ಕೆ ಏನೂ ಸಿಗುವುದಿಲ್ಲ, ಸೊರಗುವುದು ತಾಯಿ. ಹಾಲನ್ನೇ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಮಗುವಿನ ನಾಲಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಪದರವಿದ್ದರೆ, ಹಾಲೂಡಿಸುವಾಗ ಮೊಲೆತೊಟ್ಟು ಉರಿದರೆ ಡಾಕ್ಟರಿಗೆ ಹೇಳಿ. ಯೀಸ್ಟ್ ಎಂದು ಗೊತ್ತಾದರೆ ಇಬ್ಬರಿಗೂ ಒಟ್ಟಿಗೇ ಔಷಧಿ ಆಗಬೇಕು.

ಇನ್ನು ಮನೆಮದ್ದು. ಇದರಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೊಬ್ಬರಿ ಎಣ್ಣೆಯನ್ನೇ ತೆಗೆದುಕೊಳ್ಳಿ. ನೈಜೀರಿಯಾದ ಇಬಾದಾನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದು ಕ್ಯಾಂಡಿಡಾವನ್ನು ತಡೆದದ್ದು ನಿಜ. ಆದರೆ ಅದು ನಡೆದದ್ದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ. ಗಂಟೆಗೊಮ್ಮೆ ಒದ್ದೆಯಾಗುವ ಮಗುವಿನ ತೊಡೆಯ ಮಾತು ಬೇರೆ. ಚರ್ಮಕ್ಕೂ ಒದ್ದೆಗೂ ನಡುವೆ ತೆಳುವಾದ ಪದರವಾಗಿ ಕೊಬ್ಬರಿ ಎಣ್ಣೆ ಒಳ್ಳೆಯದೇ. ಬೇರೂರಿದ ಯೀಸ್ಟನ್ನು ಅದೊಂದರಿಂದಲೇ ಓಡಿಸುತ್ತೇನೆಂದು ಕೂತರೆ ಮಗು ಸುಮ್ಮನೆ ಉರಿ ತಿನ್ನುತ್ತದೆ. ಜೇನು, ಆಲಿವ್ ಎಣ್ಣೆ, ಜೇನುಮೇಣ ಕಲಸಿ ಹಚ್ಚಿ ಗುಣ ಕಂಡರೆಂಬ 2005ರ ಅಧ್ಯಯನವೂ ಇದೆ. ಅದರಲ್ಲಿದ್ದದ್ದು ಬರೀ 12 ಶಿಶುಗಳು, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿನ ಹತ್ತಿರ ಜೇನು ಇರದಿದ್ದರೇ ನನಗೆ ನೆಮ್ಮದಿ. ವರ್ಷ ತುಂಬುವವರೆಗೆ ಜೇನು ಹೊಟ್ಟೆಗೆ ಹೋದರೆ ಬಾಟ್ಯುಲಿಸಂ ಎಂಬ ಅಪಾಯವಿದೆ. ಅರಿಶಿನದ ತೊಂದರೆಯೇ ಬೇರೆ. ಹಚ್ಚಿದ ಮೇಲೆ ಕೆಂಪು ಏರಿತೋ ಇಳಿಯಿತೋ ಕಾಣುವುದೇ ಇಲ್ಲ.

ಕೆಲವಕ್ಕೆ ಮಾತ್ರ ಖಡಾಖಂಡಿತ ಬೇಡ ಎನ್ನಬೇಕು. ವಿನೆಗರ್ ಸುಲಿದ ಚರ್ಮವನ್ನು ಸುಡುತ್ತದೆ. ಅಡುಗೆ ಸೋಡಾ ಚರ್ಮದಿಂದ ಮೈಗೆ ಇಳಿದು ಶಿಶುವೊಂದರ ರಕ್ತದ ಕ್ಷಾರ ಏರುಪೇರಾದದ್ದು 1981ರಲ್ಲಿ ವೈದ್ಯ ಪತ್ರಿಕೆಯಲ್ಲಿ ವರದಿಯಾಗಿದೆ. ಬಿಳಿಗಾರ ಇನ್ನೂ ಕೆಟ್ಟದ್ದು. ಬಾಯಿಗಿಡುವ ನಿಪ್ಪಲ್ಲಿಗೆ ಬಿಳಿಗಾರ ಬೆರೆಸಿದ ಜೇನು ಸವರಿದ್ದರಿಂದ ಏಳು ಶಿಶುಗಳಿಗೆ ಫಿಟ್ಸ್ ಬಂದದ್ದನ್ನು ಬ್ರಿಟನ್ನಿನ ಮಕ್ಕಳ ವೈದ್ಯ ಪತ್ರಿಕೆಯೊಂದು 1983ರಲ್ಲಿ ದಾಖಲಿಸಿತು. ‘ನಮ್ಮ ಕಾಲದಲ್ಲಿ ಬಾಯಿಹುಣ್ಣಿಗೆ ಹಚ್ಚುತ್ತಿದ್ದೆವು’ ಎಂದು ಯಾರೇ ಹೇಳಲಿ, ಆ ಡಬ್ಬಿ ತೊಟ್ಟಿಲ ಹತ್ತಿರ ಬರಬಾರದು.

ಪೌಡರಿನ ವಿಷಯದಲ್ಲಿ ನನಗೇ ಒಂದು ತಪ್ಪು ತಿಳಿವಳಿಕೆ ಇತ್ತು. ಮೆಕ್ಕೆಜೋಳದ ಪಿಷ್ಟದ ಪೌಡರ್ ಯೀಸ್ಟಿಗೆ ಊಟ ಹಾಕಿದಂತೆ ಎಂದು ನಂಬಿದ್ದೆ. ಮನುಷ್ಯರ ಚರ್ಮದ ಮೇಲೆ ಪರೀಕ್ಷಿಸಿದ 1984ರ ಅಧ್ಯಯನದಲ್ಲಿ ಅದರಿಂದ ಯೀಸ್ಟ್ ಹೆಚ್ಚಲಿಲ್ಲ. ಆದರೂ ಪೌಡರ್ ಬೇಡವೆನ್ನುವುದಕ್ಕೆ ಕಾರಣ ಮಗುವಿನ ಮೂಗು. ಉದುರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ.

‘ಡೈಪರ್ ಹಾಕಿದ್ದಕ್ಕೇ ಬಂತು, ಬಟ್ಟೆ ಕಟ್ಟಿದ್ದರೆ ಬರ್ತಿರಲಿಲ್ಲ’ ಎಂಬುದೂ ಅರ್ಧ ಸತ್ಯ. ನಮ್ಮ ಹುಡುಗಿಯ ಮಗುವಿಗೆ ಕಟ್ಟುತ್ತಿದ್ದದ್ದು ಹಳೇ ಪಂಚೆಯ ಲಂಗೋಟಿಯೇ. ಮಲೆನಾಡಿನ ಮಳೆಯಲ್ಲಿ ಅದು ಒಣಗಬೇಕಲ್ಲ! ಮುಟ್ಟಿ ನೋಡಿದೆ, ತಣ್ಣಗೆ ಥಂಡಿ ಹಿಡಿದಿತ್ತು. ಮೇಲೊಂದು ಪ್ಲಾಸ್ಟಿಕ್ ಚಡ್ಡಿ ಬೇರೆ. ಯಾವುದು ಕಟ್ಟಿದ್ದೀರಿ ಎನ್ನುವುದಕ್ಕಿಂತ ಎಷ್ಟು ಹೊತ್ತು ಒದ್ದೆ ಇತ್ತು ಎನ್ನುವುದು ಮುಖ್ಯ. ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಿಸಿಲಿಲ್ಲದಿದ್ದರೆ ಇಸ್ತ್ರಿ ಹೊಡೆದು ಗರಿಗರಿ ಮಾಡಿಕೊಳ್ಳಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ದಿನಕ್ಕೆ ನಾಲ್ಕೈದು ಸಲ ಹತ್ತು ಹದಿನೈದು ನಿಮಿಷ ಬರಿಮೈಯಲ್ಲಿ ಮಲಗಿಸಿ. ಮನೆಮದ್ದು ಎಂದು ನಾನು ಮನಸಾರೆ ಒಪ್ಪುವುದು ಇದನ್ನೇ.

ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಆರು ತಿಂಗಳಾಗಿ ತುತ್ತು ತಿನ್ನುವ ಮಗುವಿಗೆ ಕಿತ್ತಳೆ, ಟೊಮೆಟೊದಂಥ ಹುಳಿಯಿಂದ ಮಲ ಉರಿಯಬಹುದು, ಭೇದಿಯಾದರಂತೂ ಚರ್ಮ ಬೇಗ ಸುಲಿಯುತ್ತದೆ. ಮೊಸರನ್ನ ಒಳ್ಳೆಯ ಊಟ, ಆದರೆ ಅದನ್ನೇ ಔಷಧಿ ಎಂದುಕೊಳ್ಳಬೇಡಿ. ಆಹಾರ ನಿಜಕ್ಕೂ ಮೂಲವಾಗಿರುವ ಒಂದು ಅಪರೂಪದ ಪ್ರಸಂಗವಿದೆ: ಸತುವಿನ ಕೊರತೆ. ಲಂಗೋಟಿಯ ಜಾಗದ ಜೊತೆಗೆ ಬಾಯಿಯ ಸುತ್ತ, ಕೈಕಾಲುಗಳ ಮೇಲೂ ಚರ್ಮ ಕಿತ್ತುಬರುತ್ತದೆ, ಭೇದಿ ಇರುತ್ತದೆ, ಕೂದಲು ಉದುರುತ್ತದೆ. ಮುಲಾಮಿಗೆ ಬಗ್ಗದ ಇಂಥ ಕೆಂಪು ಕಂಡರೆ ಡಾಕ್ಟರ ಬಳಿ ಆ ಮಾತು ಎತ್ತಿ.

ಕೊನೆಗೆ ಮೆಡಿಕಲ್ ಶಾಪಿನ ಟ್ಯೂಬು. ‘ಎಲ್ಲ ಮುಲಾಮೂ ಒಂದೇ, ನನ್ನ ತುರಿಕೆಗೆ ಕೊಟ್ಟದ್ದನ್ನೇ ಹಚ್ಚಿದರಾಯ್ತು’ ಎಂಬ ನಂಬಿಕೆ ಉಳಿದೆಲ್ಲಕ್ಕಿಂತ ಅಪಾಯದ್ದು. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದು ಸ್ಟಿರಾಯ್ಡ್. ಎರಡೇ ದಿನದಲ್ಲಿ ಕೆಂಪು ಇಳಿದಂತೆ ಕಾಣುತ್ತದೆ, ಅಡಿಯಲ್ಲಿ ಯೀಸ್ಟ್ ಹಬ್ಬುತ್ತದೆ. ಬಿಗಿದ ಡೈಪರಿನ ಕೆಳಗೆ ಔಷಧಿ ಹೆಚ್ಚು ಹೀರಿಕೊಂಡು ಚರ್ಮ ತೆಳುವಾಗುತ್ತದೆ, ಮೈಯ ಹಾರ್ಮೋನುಗಳ ಲೆಕ್ಕವೂ ತಪ್ಪಬಹುದು. ನಮ್ಮ ಡಾಕ್ಟರು ಬರೆದದ್ದು ಯೀಸ್ಟಿಗೆಂದೇ ಇರುವ ಕ್ಲೊಟ್ರಿಮಜೋಲ್, ಅದರ ಮೇಲೆ ಒದ್ದೆ ತಾಗದಂತೆ ಜಿಂಕ್ ಆಕ್ಸೈಡ್ ಮುಲಾಮು. ಜ್ವರ, ಕೀವು, ನೀರುಗುಳ್ಳೆ ಬಂದರೆ ಒಂದು ದಿನವೂ ಕಾಯದೆ ಬನ್ನಿ ಎಂದರು. ಕೆಂಪು ಹೋದ ಮೇಲೂ ಎರಡು ಮೂರು ದಿನ ಮುಲಾಮು ನಿಲ್ಲಿಸಬೇಡಿ ಎಂದು ಚೀಟಿಯ ಹಿಂದೆ ಬರೆದುಕೊಟ್ಟರು. ಹೊರಡುವಾಗ ಹುಡುಗಿ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು, ‘ಮತ್ತೆ ನಾನು ಏನು ತಿನ್ನಲಿ ಡಾಕ್ಟ್ರೇ?’

‘ಹಸಿವಾದದ್ದು ತಿನ್ನಮ್ಮಾ’ ಎಂದರು ಅವರು.