ರಾಯಭಾರ ಕಚೇರಿಗೆ ಬೆಳಕವಾಡಿಯಿಂದ ಒಂದು ಅರ್ಜಿ

ರಾಯಭಾರ ಕಚೇರಿ ಎಂದರೆ ನಮ್ಮೂರ ಕಡೆ ವೀಸಾ ಎಂದಷ್ಟೇ ಅರ್ಥ. ಮಗ ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೊರಟ ಮನೆಯವರು ಮಾತ್ರ ಆ ಹೆಸರು ಎತ್ತುತ್ತಾರೆ. ಆ ಕಚೇರಿಗಳು ಹಳ್ಳಿಯ ಶಾಲೆಗೆ, ಜನರ ಕಲೆಗೆ, ಊರಿನ ಕೆಲಸಕ್ಕೆ ಸಣ್ಣ ಅನುದಾನ ಕೊಡುವುದೂ ಉಂಟು ಎಂದು ನನಗೆ ಗೊತ್ತಾಗಿದ್ದು ಎಂ.ಎ. ಮುಗಿಸಿ ಕೆಲಸ ಹುಡುಕುವಾಗ. ಒಂದು ಜಾಹೀರಾತಿನಲ್ಲಿ ‘ಅನುದಾನದ ಅರ್ಜಿ ಬರೆಯಲು ಬರಬೇಕು’ ಎಂದಿತ್ತು. ಅದೇನು ಎಂದು ಕೆದಕುತ್ತಾ ಹೋದೆ.

ಜಪಾನಿಗೆ ಬೆಂಗಳೂರಿನಲ್ಲೇ ಕಾನ್ಸುಲೇಟ್ ಇದೆ. ಅವರ ಗ್ರಾಸ್‌ರೂಟ್ಸ್ ಅನುದಾನ ಶಾಲಾ ಕಟ್ಟಡ, ಆಸ್ಪತ್ರೆಯ ಉಪಕರಣದಂಥ ಕಣ್ಣಿಗೆ ಕಾಣುವ ಕೆಲಸಗಳಿಗೆ. ಸಂಬಳಕ್ಕೆ, ದಿನದ ಖರ್ಚಿಗೆ ಸಿಗುವುದಿಲ್ಲ. ಆಸ್ಟ್ರೇಲಿಯಾದ್ದು ‘ಡೈರೆಕ್ಟ್ ಏಡ್ ಪ್ರೋಗ್ರಾಂ’, ಕೆನಡಾದ್ದು ‘ಕೆನಡಾ ಫಂಡ್ ಫಾರ್ ಲೋಕಲ್ ಇನಿಷಿಯೇಟಿವ್ಸ್’. ಅಮೆರಿಕದ ಮಟ್ಟಿಗೆ ಕರ್ನಾಟಕ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿ. ಅವರ ಸಾಂಸ್ಕೃತಿಕ ವಿನಿಮಯದ ಅನುದಾನ ಬೇಕೆಂದರೆ ಯೋಜನೆಯಲ್ಲಿ ಅಮೆರಿಕದ ತಜ್ಞರೋ ಸಂಸ್ಥೆಯೋ ಇರಲೇಬೇಕು. ಯಾವುದೂ ಪ್ರತಿ ವರ್ಷ ಒಂದೇ ರೀತಿ ಇರುವುದಿಲ್ಲ. ಸರ್ಕಾರ ಬದಲಾದರೆ ದುಡ್ಡಿನ ದಾರಿಯೂ ಬದಲಾಗುತ್ತದೆ. ಹಾಗಾಗಿ ಆಯಾ ವರ್ಷದ ಪ್ರಕಟಣೆ ಓದದೆ ಪೆನ್ನು ಹಿಡಿಯಬಾರದು.

ನಮ್ಮ ಯೋಜನೆ ದೊಡ್ಡದೇನಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ. ಅಲ್ಲಿಗೆ ನಡೆದುಕೊಳ್ಳುವ ನೀಲಗಾರರು ತಂಬೂರಿ, ತಾಳ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಆ ಕಥೆಯಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಲು ಹೋಗುವುದು ಬೇರೆಲ್ಲಿಗೂ ಅಲ್ಲ, ನಮ್ಮದೇ ಹಲಗೂರಿನ ಪಾಂಚಾಳರ ಬಳಿಗೆ. (ಕೊಡುವವರು ಎಷ್ಟು ಪರೀಕ್ಷೆ ಮಾಡುತ್ತಾರೆ ಎಂಬುದಕ್ಕೆ ಆ ಕಥೆಗಿಂತ ಒಳ್ಳೆಯ ಪಾಠ ಅರ್ಜಿದಾರರಿಗೆ ಸಿಗಲಾರದು.) ವಯಸ್ಸಾದ ಮೂವರು ಹಾಡುಗಾರರಿಂದ ಈ ಒಂದು ಭಾಗವನ್ನು ಪೂರ್ತಿ ಧ್ವನಿಮುದ್ರಿಸಬೇಕು, ಊರಿನ ಹುಡುಗ ಹುಡುಗಿಯರು ಅದನ್ನು ಬರೆದಿಡಬೇಕು, ವಿದೇಶದ ಧ್ವನಿಮುದ್ರಣ ತಜ್ಞರೊಬ್ಬರು ನಮಗೆ ತರಬೇತಿ ಕೊಡಬೇಕು, ಅವರ ಕಡೆಯ ವಿದ್ಯಾರ್ಥಿಗಳು ನಮ್ಮ ಹಾಡುಗಾರರೊಂದಿಗೆ ಮಾತಾಡಬೇಕು. ನಾವು ಒಂಬತ್ತು ಜನ ಕೂತು ಹೊಸೆದದ್ದು ಇಷ್ಟೇ.

ಇಂಗ್ಲಿಷ್ ಕಷ್ಟವಾಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಕಷ್ಟವಾಗಿದ್ದು ಕಾನೂನು. ರಾಯಭಾರ ಕಚೇರಿ ದೆಹಲಿಯಲ್ಲೇ ಇರಲಿ, ರೂಪಾಯಿಯಲ್ಲೇ ಕೊಡಲಿ, ಅದು ವಿದೇಶಿ ಸರ್ಕಾರದ ದುಡ್ಡು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ 2010ರ ಎಫ್‌ಸಿಆರ್‌ಎ ಅದಕ್ಕೆ ಅನ್ವಯಿಸುತ್ತದೆ. ಸಾಂಸ್ಕೃತಿಕ, ಶೈಕ್ಷಣಿಕ, ಸಾಮಾಜಿಕ ಕೆಲಸ ಮಾಡುವ ಸಂಸ್ಥೆ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಬೇಕೆಂದರೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಒಂದು ಯುವಕ ಸಂಘವೇನೋ ಆಗುತ್ತದೆ. ಗಣಪತಿ ಕೂರಿಸಿ, ವಾಲಿಬಾಲ್ ಪಂದ್ಯ ಆಡಿಸುವ ಸಂಘ 15 ಲಕ್ಷ ಎಲ್ಲಿಂದ ತರಬೇಕು?

ಇನ್ನೊಂದು ದಾರಿ ‘ಪೂರ್ವಾನುಮತಿ’. ಕೊಡುವವರು ಇಂಥವರು, ಮೊತ್ತ ಇಷ್ಟು, ಕೆಲಸ ಇದು ಎಂಬ ಬದ್ಧತಾ ಪತ್ರ ಇಟ್ಟುಕೊಂಡು ಆ ಒಂದೇ ಅನುದಾನಕ್ಕೆ ಒಪ್ಪಿಗೆ ಕೇಳುವುದು. ಆದರೆ ಪತ್ರ ಕೊಡುವವರು ಮೊದಲು ಎಫ್‌ಸಿಆರ್‌ಎ ಇದೆಯಾ ಎನ್ನುತ್ತಾರೆ, ಒಪ್ಪಿಗೆ ಕೊಡುವವರು ಮೊದಲು ಪತ್ರ ಇದೆಯಾ ಎನ್ನುತ್ತಾರೆ. ಎರಡರಲ್ಲಿ ಯಾವ ದಾರಿ ಹಿಡಿದರೂ ವಿದೇಶಿ ದುಡ್ಡು ಮೊದಲು ಬೀಳಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಇದು 2020ರ ತಿದ್ದುಪಡಿಯಿಂದ ಬಂದದ್ದು.

ಉಳಿದದ್ದು ನೋಂದಣಿ ಇರುವ ಸಂಸ್ಥೆಯ ಜೊತೆ ಸೇರುವುದು. ಒಂದು ಕಡೆ ‘ಹೆಸರು ನಮ್ಮದು ಹಾಕಿ, ಬಂದದ್ದರಲ್ಲಿ ಮೂವತ್ತು ಪರ್ಸೆಂಟ್ ನಮಗೆ’ ಎಂದರು. ಎದ್ದು ಬಂದೆವು. ಅದೇ 2020ರ ತಿದ್ದುಪಡಿ ಆಡಳಿತ ವೆಚ್ಚಕ್ಕೆ ಶೇ 20ರ ಮಿತಿ ಹಾಕಿದೆ, ಹಿಂದೆ ಅದು ಶೇ 50 ಇತ್ತು. ಕೊನೆಗೆ ಮೈಸೂರಿನ ಒಂದು ಸಂಸ್ಥೆ ಒಪ್ಪಿತು. ಆದರೆ ಅವರು ಬಂದ ದುಡ್ಡನ್ನು ನಮ್ಮ ಸಂಘಕ್ಕೆ ದಾಟಿಸುವಂತಿಲ್ಲ, ಅದನ್ನೂ ಕಾನೂನು ತಡೆಯುತ್ತದೆ. ಖರ್ಚು ಅವರೇ ಮಾಡಬೇಕು, ಲೆಕ್ಕ ಅವರೇ ಕೊಡಬೇಕು. ನಾವು ಯೋಜನೆಯ ಕೆಲಸಗಾರರು.

ಇದರ ಮೇಲೆ ನಮ್ಮಲ್ಲೇ ಜಗಳವಾಯಿತು. ‘ಊರು ನಮ್ದು, ಐಡಿಯಾ ನಮ್ದು, ಬೋರ್ಡು ಅವರ್ದಾ?’ ಎಂದು ಇಬ್ಬರು ಬಿಟ್ಟೇ ಹೋದರು. ಅವರ ಮಾತಿನಲ್ಲಿ ನ್ಯಾಯ ಇಲ್ಲವೆನ್ನಲಾರೆ. ಆದರೆ ಸ್ವಂತ ನೋಂದಣಿಗೆ ಇನ್ನೂ ಮೂರು ವರ್ಷ ಕಾಯಬೇಕು, ನಮ್ಮ ಮೂವರು ಹಾಡುಗಾರರಲ್ಲಿ ಹಿರಿಯರಿಗೆ ಈಗಾಗಲೇ ಎಂಬತ್ತು ದಾಟಿದೆ. ಬೋರ್ಡಿಗಾಗಿ ಆ ದನಿಯನ್ನು ಕಾಯಿಸುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಒಪ್ಪಿಗೆ ಕೇಳಲು ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಕೂತಿದ್ದರು.

‘ತಾತ, ನೀವು ಹಾಡಿದ್ದನ್ನ ಹೊರದೇಶದವರೂ ಕೇಳ್ತಾರೆ.’

‘ಕೇಳ್ಲಿ ಮಗಾ. ದುಡ್ಡು ಯಾರ್ದು?’

ಹೇಳಿದೆ.

‘ದುಡ್ಡು ಅವರ್ದು ಅಂದ್ಮೇಲೆ ಪದಾನೂ ಅವರ್ದಾಯ್ತದಾ? ಪದ ನಂದೂ ಅಲ್ಲ ಕಣಪ್ಪ, ಧರೆಗೆ ದೊಡ್ಡೋರ್ದು.’

ಅರ್ಜಿಯ ನಮೂನೆಯಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ವಾಪಸ್ ಬಂದು ಒಂದು ಪುಟ ಸೇರಿಸಿದೆವು: ಮುದ್ರಣದ ಒಂದು ಪ್ರತಿ ಹಾಡುಗಾರರ ಮನೆಗೆ, ಒಂದು ನಮ್ಮೂರ ಗ್ರಂಥಾಲಯಕ್ಕೆ, ಅವರನ್ನು ಕೇಳದೆ ಯಾರೂ ಮಾರುವಂತಿಲ್ಲ, ಹಾಡುವ ಪ್ರತಿ ರಾತ್ರಿಗೂ ಸಂಭಾವನೆ. ಸಂಸ್ಥೆಯವರು ಆ ಪುಟ ಓದಿ ‘ಇಡೀ ಅರ್ಜಿಯಲ್ಲಿ ಗಟ್ಟಿ ಇರುವುದು ಇದೇ’ ಎಂದರು. ನನಗೂ ಹಾಗೇ ಅನ್ನಿಸುತ್ತದೆ. ‘ಸಂಸ್ಕೃತಿಯ ಸಂರಕ್ಷಣೆ’ ಎಂದು ನಾವು ಮೊದಲು ಬರೆದಿದ್ದ ಎರಡು ಪುಟ ಯಾವ ಊರಿಗೂ ಹೊಂದುವಂತಿತ್ತು.

ಬಜೆಟ್ ಬರೆಯುವುದು ಮಾತ್ರ ಕಲಿಯಲೇಬೇಕಾದ ವಿದ್ಯೆ. ಮೈಕು, ಹಾರ್ಡ್ ಡಿಸ್ಕ್, ಮಳವಳ್ಳಿಯಿಂದ ಬಂದುಹೋಗುವ ಬಸ್ ಚಾರ್ಜು, ರಾತ್ರಿ ಊಟ, ಎಲೆ ಅಡಿಕೆ, ಎಲ್ಲಕ್ಕೂ ಒಂದೊಂದು ಸಾಲು, ಪ್ರತಿ ಸಾಲಿಗೂ ಕಾರಣ. ‘ಇತರೆ’ ಎಂದು ಬರೆದರೆ ಪ್ರಶ್ನೆ ಬರುತ್ತದೆ. ಇದನ್ನು ಅಚ್ಚುಕಟ್ಟಾಗಿ ಮಾಡುವವರನ್ನು ಸ್ವಯಂಸೇವಾ ಸಂಸ್ಥೆಗಳು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತವೆ. ಕೆಲಸ ಹುಡುಕುತ್ತಿರುವ ಗೆಳೆಯರು ಗಮನಿಸಬಹುದು.

ಇನ್ನೊಂದು ವಿಷಯ. ಸಂಘ ಕಟ್ಟುವ ತಾಳ್ಮೆ ಇಲ್ಲದವರು ಒಬ್ಬರೇ ಹೋಗುವ ದಾರಿಯೂ ಇದೆ. ಜಪಾನಿನ ಮೆಕ್ಸ್ಟ್, ಬ್ರಿಟನ್ನಿನ ಚೀವ್ನಿಂಗ್, ಅಮೆರಿಕದ ಫುಲ್‌ಬ್ರೈಟ್-ನೆಹರೂ ಮುಂತಾದವು ವ್ಯಕ್ತಿಗೆ ಸಿಗುವ ವಿದ್ಯಾರ್ಥಿವೇತನ. ಅವಕ್ಕೆ ಸಂಸ್ಥೆಯ ನೋಂದಣಿಯ ತೊಡಕಿಲ್ಲ, ಸ್ಪರ್ಧೆ ಮಾತ್ರ ಜೋರು.

ನಮ್ಮ ಅರ್ಜಿ ಹೋಗಿ ಎರಡು ತಿಂಗಳಾಯಿತು. ಉತ್ತರ ಬಾರದ ಕಾರಣ ಯಾವ ದೇಶದ ಕಚೇರಿ ಎಂದು ಇಲ್ಲಿ ಹೇಳುತ್ತಿಲ್ಲ. ಅಷ್ಟರಲ್ಲಿ ತಾತ ಒಂದು ಸಂಜೆ ತಾವಾಗಿಯೇ ಕರೆಸಿ ಹಲಗೂರಿನ ಕಥೆ ಶುರು ಮಾಡಿದರು. ಫೋನಿನಲ್ಲೇ ಮುದ್ರಿಸಿಕೊಂಡೆವು. ನಲವತ್ತು ನಿಮಿಷ ಇದೆ, ನಡುವೆ ಎರಡು ಸಲ ಕಬ್ಬಿನ ಟ್ರ್ಯಾಕ್ಟರ್ ಹೋಗಿದೆ. ಒಳ್ಳೆಯ ಮೈಕಿನ ಬೆಲೆ ಬಜೆಟ್ಟಿನ ನಾಲ್ಕನೇ ಸಾಲಿನಲ್ಲಿದೆ.